ಉತ್ತರಕ್ಕೆ ಮುಂಚಿನ ಉಸಿರು

"ನಿದ್ದೆ ಮುಗೀತಾ ಡಾಕ್ಟ್ರೇ? ಇಲ್ಲಾಂದ್ರೆ ಹೇಳಿ, ಇನ್ನೂ ಸ್ವಲ್ಪ ಹೊತ್ತು ಹೊರಗೇ ಕೂತಿರ್ತೀವಿ. ಹೇಗೂ ಆ ಬೆಂಚು ನಮ್ಮ ಆಕಾರಕ್ಕೆ ಬಂದಿದೆ!"

ಅವಳು ಬೆಚ್ಚಿ ಕಣ್ಣು ತೆರೆದಳು.

ಬಾಗಿಲಲ್ಲಿ ಎತ್ತರದ ಒಬ್ಬ ಮನುಷ್ಯ. ಮೊಣಕೈವರೆಗೆ ಮಡಚಿದ ಅಂಗಿತೋಳು, ಎದೆಜೇಬಿನಲ್ಲಿ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್, ಮೂಗಿನ ತುದಿಯಲ್ಲಿ ಕೋಪ. ಕೋಪಕ್ಕೆ ಕಾರಣವಿಲ್ಲದೆ ಇರಲಿಲ್ಲ. ಬೆಳಿಗ್ಗೆ ಬಂದವನು ಪಕ್ಕದವರ ಮಂಡಿನೋವನ್ನೂ ಎದುರಿನವರ ಅಳಿಯನ ಕುಡಿತವನ್ನೂ ಆಮೂಲಾಗ್ರವಾಗಿ ಕೇಳಿ ಮುಗಿಸಿದ್ದ. ಕೊನೆಗೂ ತಮ್ಮ ಸರದಿ ಬಂತೆಂದು ಒಳಗೆ ಕಾಲಿಟ್ಟರೆ, ಡಾಕ್ಟರು ಮೇಜಿನ ಮೇಲೆ ಎರಡೂ ಅಂಗೈ ಊರಿ ಕಣ್ಣು ಮುಚ್ಚಿ ಕೂತಿದ್ದಾರೆ!

"ನಾನು ನಿದ್ದೆ ಮಾಡ್ತಿರ್ಲಿಲ್ಲ," ಎಂದಳು ಅವಳು. ದನಿ ತಣ್ಣಗಿತ್ತು. ಕೆನ್ನೆ ಮಾತ್ರ ಬಿಸಿಯಾಗಿತ್ತು.

"ಕಣ್ಣು ಮುಚ್ಚಿತ್ತು. ಉಸಿರು ನಿಧಾನಕ್ಕೆ ಬರ್ತಿತ್ತು. ನಮ್ಮ ಮನೇಲಿ ಅದಕ್ಕೆ ನಿದ್ದೆ ಅಂತೀವಿ."

"ನಿಮ್ಮ ಮನೇಲಿ ಮಲಗಿದವರನ್ನ ಹೀಗೇ ಎಬ್ಬಿಸ್ತೀರಾ?"

"ಕಾಯಿಲೆಯವರನ್ನ ಕಾಯಿಸಿದ್ರೆ ಎಬ್ಬಿಸ್ತೀವಿ!"

'ಎಂಥ ಮನುಷ್ಯ... ಇನ್ನೊಂದು ಮಾತಾಡಲಿ, ಹೊರಗೆ ಕಳಿಸ್ತೀನಿ...' ಎಂದು ಅವಳು ಹಲ್ಲು ಕಚ್ಚುವಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ ಒಂದು ದನಿ ಬಂತು. ಮುದಿ ದನಿ. ಆದರೆ ಒಂದೊಂದು ಅಕ್ಷರವೂ ಬಿಡಿಸಿಟ್ಟಷ್ಟು ಸ್ಪಷ್ಟ.

"ಬಾಯಿ ಮುಚ್ಚೋ. ಅವರು ಪ್ಲಗ್ ಕೀಳ್ತಿದ್ರು."

"ಏನು ಕೀಳ್ತಿದ್ರು?"

ಮುದುಕಿ ಮಗನನ್ನು ಪರದೆ ಸರಿಸಿದಂತೆ ಸರಿಸಿ ಮುಂದೆ ಬಂದು ಕುರ್ಚಿಯಲ್ಲಿ ಕೂತರು. ಬೀದಿಯವರೆಲ್ಲ ಟೆಲಿಫೋನ್ ಅಮ್ಮ ಎಂದು ಕರೆಯುತ್ತಿದ್ದುದು ಇವರನ್ನೇ. ತಲೆಗೂದಲು ಕಪ್ಪಗಿದ್ದಷ್ಟೂ ಕಾಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ಒಬ್ಬರ ದನಿಯನ್ನು ಇನ್ನೊಬ್ಬರ ಕಿವಿಗೆ ಜೋಡಿಸುತ್ತಿದ್ದವರು.

"ಒಂದು ಕಾಲ್ ಮುಗಿದ ಮೇಲೆ ಪ್ಲಗ್ ಕಿತ್ತು, ಆಮೇಲೆ ಇನ್ನೊಂದು ಹಾಕಬೇಕು ಕಣೋ. ಕೀಳ್ದೆ ಹಾಕಿದ್ರೆ ಏನಾಗುತ್ತೆ ಗೊತ್ತಾ? ಗಂಡ ಹೆಂಡ್ತಿ ಜಗಳ ಆಡ್ತಿರ್ತಾರೆ, ಮಧ್ಯೆ ಸಕ್ಕರೆ ವ್ಯಾಪಾರಿ ಬಂದು ಮೂಟೆಗೆ ಎಷ್ಟು ಅಂತಾನೆ! ಇವರೂ ಹಾಗೇ. ಹಿಂದಿನ ರೋಗಿನ ಕಳಿಸಿ, ನಮಗೆ ಲೈನ್ ಕೊಡ್ತಿದ್ರು. ಅಲ್ವೇನಮ್ಮ?"

ಡಾಕ್ಟರು ಆ ದಿನದಲ್ಲಿ ಮೊದಲ ಸಲ ನಕ್ಕಳು.

ಆ ನಗು ನೋಡಿ ಬಾಗಿಲಲ್ಲಿದ್ದವನ ಕೋಪ ಯಾವ ಕಡೆ ಹೋಯಿತೆಂದು ಅವನಿಗೇ ತಿಳಿಯಲಿಲ್ಲ.

ಮುದುಕಿ ಹೇಳಿದ್ದು ಅಕ್ಷರಶಃ ನಿಜ. ಡಾಕ್ಟರು ಮಾಡುತ್ತಿದ್ದುದಕ್ಕೆ ಮೈಂಡ್‌ಫುಲ್‌ನೆಸ್ ಎಂಬ ದೊಡ್ಡ ಹೆಸರಿದೆ. ಚೀಟಿ ಕೊಟ್ಟು ರೋಗಿಗಳನ್ನು ಒಳಗೆ ಬಿಡುವ ಚೀಟಿ ಅಕ್ಕ ಅದನ್ನು 'ಡಾಕ್ಟರಮ್ಮನ ತೂಕಡಿಕೆ' ಎನ್ನುತ್ತಿದ್ದಳು. ಮನೆಮಂದಿಗೆಲ್ಲ ಒಬ್ಬರೇ ಡಾಕ್ಟರು ಎಂಬ ಬಗೆಯ ಕ್ಲಿನಿಕ್ ಅದು. ಅಜ್ಜನ ಬಿ.ಪಿ.ಯಿಂದ ಮೊಮ್ಮಗುವಿನ ಕೆಮ್ಮಿನವರೆಗೆ ಎಲ್ಲವೂ ಆ ಒಂದೇ ಬಾಗಿಲಲ್ಲಿ ಬರಬೇಕು. ತಲೆ ಮೇಲೆ ತಲೆ ಬಿದ್ದಂಥ ಒಂದು ಬೆಳಿಗ್ಗೆ, ಕಾಲುಳುಕಿಸಿಕೊಂಡು ಬಂದ ಮನುಷ್ಯನಿಗೆ ಅವಳು "ನಾಲಿಗೆ ತೋರಿಸಿ" ಎಂದಿದ್ದಳು. ಅವನು ಪಾಪ, ತೋರಿಸಿಯೂ ಇದ್ದ! ಅವತ್ತು ಮನೆಗೆ ಹೋಗಿ ಕೂತವಳಿಗೆ ದಿನವಿಡೀ ಕಂಡವರಲ್ಲಿ ಒಬ್ಬರ ಮುಖವೂ ನೆನಪಿಗೆ ಬರಲಿಲ್ಲ. ಹೆದರಿಬಿಟ್ಟಳು.

ಆಮೇಲೆ ಡಾಕ್ಟರುಗಳಿಗೆಂದೇ ನಡೆದ ಒಂದು ಶಿಬಿರಕ್ಕೆ ಹೋದಳು. ಅಲ್ಲಿ ಕಲಿತದ್ದು ಇಷ್ಟೇ. ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವೆ ಒಂದು ಪೂರ್ತಿ ಉಸಿರು. ಹೋದವರನ್ನು ಇಳಿಸಿ, ಬಂದವರನ್ನು ಎತ್ತಿಕೊಳ್ಳುವುದು. ಮತ್ತೆ, ಮುಖ್ಯವಾದ ಮಾತು ಆಡುವ ಮುಂಚೆ ಇನ್ನೊಂದು ಉಸಿರು. ಆ ಉಸಿರೇ ಅವಳನ್ನು ಉಳಿಸಿತ್ತು.

ಅದೇ ಉಸಿರು ಮುಂದೆ ಅವಳನ್ನು ಮುಳುಗಿಸಲಿಕ್ಕಿತ್ತು. ಆದರೆ ಆತುರ ಬೇಡ...

"ಏನು ತೊಂದರೆ ಅಮ್ಮ?"

"ಏನಿಲ್ಲ. ಗ್ಯಾಸು. ಇವನದೇ ಹಠ."

ಅವಳು ಮುದುಕಿಯನ್ನು ನೋಡಿದಳು. ನಿಧಾನವಾಗಿ, ಈ ಲೋಕದಲ್ಲಿ ಇವರೊಬ್ಬರೇ ಇದ್ದಾರೆ ಎಂಬಂತೆ.

"ಉಂಗುರಕ್ಕೆ ದಾರ ಸುತ್ತಿದೀರಲ್ಲ?"

"ಜಾರಿ ಜಾರಿ ಬೀಳುತ್ತೆ."

"ಯಾವಾಗಿಂದ?"

ಮಗ ಬಗ್ಗಿ ತಾಯಿಯ ಬೆರಳು ನೋಡಿದ. ಅವನದು ಎದುರುಬದಿಯ ಕನ್ನಡಕದ ಅಂಗಡಿ. ಕಿವಿಗೂ ಮೂಗಿಗೂ ಇರುವ ದೂರವನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆಯುವವನು. ತಾಯಿಯ ಬೆರಳು ಸೊರಗಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಇದನ್ನ ಯಾವಾಗ ಸುತ್ಕೊಂಡೆ ಅಮ್ಮ?" ಅವನ ದನಿ ಇಳಿದಿತ್ತು.

"ಊರಿಗೆಲ್ಲ ಕನ್ನಡಕ ಹಾಕ್ತಾನೆ," ಎಂದರು ಮುದುಕಿ ಡಾಕ್ಟರ ಕಡೆ ತಿರುಗಿ. "ಪಕ್ಕದಲ್ಲಿರೋರು ಕಾಣಲ್ಲ."

ಸ್ಕ್ಯಾನಿನ ರಿಪೋರ್ಟು ಬಂದ ದಿನ ಅವಳು ಅವರನ್ನು ಕಾಯಿಸಲಿಲ್ಲ. ಚೀಟಿಯಿಲ್ಲದೆ ಒಳಗೆ ಕರೆದಳು. ಬೆಂಚಿನವರು ಗೊಣಗಿದರು. ಚೀಟಿ ಅಕ್ಕ ಅವರನ್ನು ಕಣ್ಣಲ್ಲೇ ಗದರಿಸಿದಳು.

ತಾಯಿ ಮಗ ಇಬ್ಬರೂ ಕೂತರು. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಮುದುಕಿಯ ಮುಖ ನೋಡಿದಳು. ಬಾಯಿ ತೆರೆಯುವ ಮುಂಚೆ ಒಂದು ಉಸಿರನ್ನು ಪೂರ್ತಿ ಒಳಗೆಳೆದು, ಪೂರ್ತಿ ಹೊರಗೆ ಬಿಟ್ಟಳು.

"ಗೊತ್ತಾಯ್ತು," ಎಂದರು ಟೆಲಿಫೋನ್ ಅಮ್ಮ.

"ಅಮ್ಮ, ನಾನಿನ್ನೂ ಏನೂ..."

"ಹೇಳಬೇಕಾಗಿಲ್ಲ ಮಗಳೇ. ನಮ್ಮ ಬೋರ್ಡಿನಲ್ಲೂ ಹೀಗೇ ಆಗ್ತಿತ್ತು. ದೂರದೂರಿಂದ ಸಾವಿನ ಸುದ್ದಿ ಬಂದ್ರೆ, ಲೈನ್ ಕೊಡೋ ಮುಂಚೆ ನಾವು ಒಂದು ಗಳಿಗೆ ಸುಮ್ನಿರ್ತಿದ್ವಿ. ಬಾಯೇ ಬರ್ತಿರ್ಲಿಲ್ಲ. ಆ ಕಡೆ ಫೋನ್ ಹಿಡಿದೋರು ಆ ಸದ್ದಿಲ್ಲದ ಗಳಿಗೆಯಲ್ಲೇ ಅಳೋಕೆ ಶುರು ಮಾಡ್ತಿದ್ರು. ಒಳ್ಳೆ ಸುದ್ದಿಗೆ ಯಾರೂ ಉಸಿರು ಎಳ್ಕೊಳ್ಳಲ್ಲ ಕಣಮ್ಮ. ಒಳ್ಳೆ ಸುದ್ದಿ ತಾನಾಗೇ ಬಾಯಿಂದ ಹಾರಿ ಬರುತ್ತೆ."

ಮಗ ಆ ಮಾತನ್ನು ಕೇಳಿಸಿಕೊಂಡ. ಕೇಳಿಸಿಕೊಂಡಿದ್ದಷ್ಟೇ ಅಲ್ಲ, ಎದೆಯಲ್ಲಿ ಬಿಗಿದು ಇಟ್ಟುಕೊಂಡ.

"ಎಷ್ಟು ದಿನ?" ಎಂದು ಕೇಳಿದವನು ಅವನೇ.

"ದಿನ ಎಣಿಸೋದು ಬೇಡ. ನೋವಿಲ್ಲದ ಹಾಗೆ ನೋಡ್ಕೊಳ್ಳೋಣ. ಅದು ನನ್ನ ಕೈಲಿದೆ," ಎಂದಳು ಅವಳು.

ಆಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಅವಳು ರಸ್ತೆ ದಾಟಿ ಹೋಗುವುದು ಅಭ್ಯಾಸವಾಯಿತು. ಕೆಳಗೆ ಅಂಗಡಿ, ಮೇಲೆ ಮನೆ. ಕಡಿದಾದ ಮೆಟ್ಟಿಲು. ಮುದುಕಿಯ ಮರದ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಅಲ್ಲಿಂದ ಬೀದಿಯ ಎರಡೂ ತುದಿ ಕಾಣುತ್ತಿತ್ತು.

ಬೀದಿಯ ಸಮಾಚಾರವನ್ನೆಲ್ಲ ಮಲಗಿದಲ್ಲೇ ಸಂಗ್ರಹಿಸಿ, ಡಾಕ್ಟರು ಬಂದೊಡನೆ ಪ್ರಸಾರ ಮಾಡುವುದು ಟೆಲಿಫೋನ್ ಅಮ್ಮನ ದಿನಚರಿ.

"ಆ ಬೆನ್ನುನೋವಿನ ತಾತ ಇವತ್ತೂ ನಿನ್ನ ಹತ್ರ ಬಂದಿದ್ರು ತಾನೇ? ವಾಪಸ್ ಹೋಗುವಾಗ ನೋಡಿದೆ. ಬಸ್ಸು ಹಿಡಿಯೋಕೆ ಹುಡುಗರ ಥರ ಓಡಿದ್ರು!"

ಅವಳು ನಗುತ್ತಿದ್ದಳು. ಅವನು ಒಳಗಿನಿಂದ ಟೀ ತರುತ್ತಿದ್ದ. ಒಂದು ದಿನ ಟೀ ಕೊಡುವಾಗ ಅವಳ ಮುಖವನ್ನೇ ದಿಟ್ಟಿಸಿ ನೋಡಿದ.

"ಏನು?" ಎಂದಳು. ಎದೆ ಯಾಕೋ ಡವಗುಟ್ಟಿತು.

"ನಿಮ್ಮ ಕನ್ನಡಕ ಎಡಕ್ಕೆ ವಾಲಿದೆ. ಎಷ್ಟು ದಿನದಿಂದ ಹೀಗೆ ಲೋಕ ನೋಡ್ತಿದೀರಿ?"

"ಲೋಕಾನೇ ವಾಲಿದೆ ಅಂದ್ಕೊಂಡಿದ್ದೆ..."

ಕೇಳದೆಯೇ ಅವಳ ಕನ್ನಡಕ ತೆಗೆದುಕೊಂಡು ಕೆಳಗೆ ಹೋದ. ಬಿಸಿಗಾಳಿಗೆ ಹಿಡಿದು ಕಡ್ಡಿ ಬಗ್ಗಿಸಿ ತಂದು, ತಾನೇ ಅವಳ ಕಿವಿಗಳ ಮೇಲೆ ಕೂರಿಸಿದ. ಕಡ್ಡಿ ಇನ್ನೂ ಬೆಚ್ಚಗಿತ್ತು. ಮಂಜಾಗಿದ್ದ ಅವನ ಮುಖ ಒಮ್ಮೆಲೇ ತೀರಾ ಹತ್ತಿರದಲ್ಲಿ, ತೀರಾ ಸ್ಪಷ್ಟವಾಗಿ ಕಂಡಿತು. ಕಣ್ಣ ಕೆಳಗಿನ ಕಪ್ಪು, ಅಳು ನುಂಗಿ ನುಂಗಿ ಬಿಗಿದ ದವಡೆ, ಎಲ್ಲವೂ.

'ದೇವರೇ... ಇವನು ಎಷ್ಟು ಒಂಟಿ...' ಎಂದಿತು ಅವಳ ಮನಸ್ಸು. 'ಮತ್ತೆ ನಾನು?' ಎಂದೂ ಕೇಳಿತು.

ಮಂಚದ ಮೇಲಿಂದ ದನಿ ಬಂತು. "ಫ್ರೇಮ್ ಕೂತಿದೆಯೋ ಇಲ್ವೋ ನೋಡೋಕೆ ಅಷ್ಟು ಹೊತ್ತು ಬೇಕೇನೋ? ಬೇರೆ ಗಿರಾಕಿಗಳಿಗೂ ಹೀಗೇ ನೋಡ್ತೀಯಾ?"

"ಅಮ್ಮಾ!"

"ನಾನೇನೂ ನೋಡ್ಲಿಲ್ಲಪ್ಪ. ಕಣ್ಣು ಮುಚ್ಚಿದೀನಿ. ಧ್ಯಾನ!"

ಟೆಲಿಫೋನ್ ಅಮ್ಮ ಹೋದದ್ದು ಒಂದು ಬೆಳಿಗ್ಗೆ. ಬೀದಿಯ ಅಂಗಡಿಗಳು ಬಾಗಿಲೆತ್ತುವ ಸದ್ದಿನ ನಡುವೆ.

ಅವಳು ನಾಡಿ ಹಿಡಿದುಕೊಂಡೇ ಇದ್ದಳು. ಕೊನೆಗೊಮ್ಮೆ ಕೈಯನ್ನು ಮೆಲ್ಲನೆ ಹೊದಿಕೆಯ ಮೇಲಿಟ್ಟಳು. ಅವನು ಮಂಚದ ಕಾಲ ಬಳಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಒಂದು ಉಸಿರು ತೆಗೆದುಕೊಂಡಳು... ಅಷ್ಟು ಸಾಕಾಯಿತು. ಅವನು ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿ ಕೂತ.

ಅವನ ಪಕ್ಕ ಕೂರಬೇಕೆನಿಸಿತು. ಅವನ ತಲೆಯ ಮೇಲೆ ಕೈಯಿಡಬೇಕೆನಿಸಿತು. ಆದರೆ ಕೆಳಗೆ ಬೀದಿಯಲ್ಲಿ ಚೀಟಿ ಅಕ್ಕ ಆಗಲೇ ನಿಂತಿದ್ದಳು. ಯಾವುದೋ ಕೂಸಿಗೆ ಜ್ವರ ಏರಿತ್ತು. ಡಾಕ್ಟರು ಕೈ ತೊಳೆದು, ಉಸಿರೆಳೆದು, ಉಸಿರು ಬಿಟ್ಟು, ಮೆಟ್ಟಿಲಿಳಿದಳು. ಹೋದವರನ್ನು ಇಳಿಸಿ, ಬಂದವರನ್ನು ಎತ್ತಿಕೊಳ್ಳುವುದು. ಅಭ್ಯಾಸವೆಂಬುದು ಅಷ್ಟು ಒಳ್ಳೆಯದು. ಅಷ್ಟು ಕೆಟ್ಟದ್ದು ಕೂಡ.

ಅವತ್ತು ಅವಳು ಅಳಲಿಲ್ಲ. ಮಾರನೆಯ ದಿನವೂ ಅಳಲಿಲ್ಲ. 'ನೋಡು, ಎಷ್ಟು ಸಮಾಧಾನವಾಗಿದ್ದೀನಿ,' ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

ದುಃಖಕ್ಕೆ ಚೀಟಿ ಕೊಟ್ಟು ಕೂರಿಸಿದರೆ ಅದೇನು ಎದ್ದು ಹೋಗುತ್ತದೆಯೇ? ಬೆಂಚಿನ ಮೂಲೆಯಲ್ಲಿ ಕಾಯುತ್ತಾ ಕೂತಿರುತ್ತದೆ.

ಕೆಲವು ವಾರ ಕಳೆದ ಮೇಲೆ, ಊಟದ ಹೊತ್ತಿಗೆ, ಅವನು ಕ್ಲಿನಿಕ್ಕಿಗೆ ಬಂದ. ಹೊರಗೆ ಮಧ್ಯಾಹ್ನದ ಸರದಿ ಆಗಲೇ ಸೇರತೊಡಗಿತ್ತು. ಅವನು ಕೂರಲಿಲ್ಲ. ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತ.

"ಕಾಯಿಲೆ ಏನಿಲ್ಲ," ಎಂದ. "ಒಂದು ಮಾತು ಹೇಳಬೇಕು. ಹೇಳಿಬಿಡ್ತೀನಿ, ಮಧ್ಯೆ ನಿಲ್ಲಿಸಬೇಡಿ. ಅಮ್ಮ ಹೋದ ದಿನ ಮಧ್ಯಾಹ್ನ ನಾನು ಇಲ್ಲಿಗೆ ಬಂದಿದ್ದೆ. ನಿಮ್ಮನ್ನ ಕರೆಯೋಣ ಅಂತ. ಬಾಗಿಲ ಹತ್ರ ಬಂದ್ರೆ ನೀವು ಒಳಗೆ ಯಾವುದೋ ಮಗು ಜೊತೆ ನಗ್ತಿದ್ರಿ."

ಅವಳ ಮುಖ ಬಿಳಿಚಿಕೊಂಡಿತು. "ಅದು... ಮೂಗಿನಲ್ಲಿ ಬಟಾಣಿ ಹಾಕ್ಕೊಂಡಿತ್ತು..."

"ನಿಲ್ಲಿಸಬೇಡಿ ಅಂದೆ. ಅವತ್ತು ನಿಮ್ಮ ಮೇಲೆ ಕೆಟ್ಟ ಕೋಪ ಬಂತು ಡಾಕ್ಟ್ರೇ. ಕಲ್ಲು ಹೆಂಗಸು ಅಂದ್ಕೊಂಡು ವಾಪಸ್ ಹೋದೆ. ಆಮೇಲೆ ಮನೆ ಖಾಲಿ ಆಯ್ತಲ್ಲ... ಆ ಖಾಲೀಲಿ ಕೂತ್ರೆ ಅದೇ ನಗು ಕೇಳಿಸ್ತಿತ್ತು. ಅದೊಂದು ಇದ್ರೆ ಮನೆ ಮತ್ತೆ ಮನೆ ಥರ ಇರುತ್ತೆ ಅನಿಸ್ತು." ಕುರ್ಚಿ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. "ನನ್ನನ್ನ ಮದುವೆ ಆಗ್ತೀರಾ?"

ಅವಳ ಒಳಗೆಲ್ಲ ಬೆಳಕಾಯಿತು. ಹೂಂ! ಹೂಂ! ಎಂದು ಮೈಯ ಒಂದೊಂದು ನರವೂ ಕೂಗಿತು.

ಆದರೆ ಇದು ಅವಳ ಬದುಕಿನ ಅತಿ ಮುಖ್ಯವಾದ ಉತ್ತರ. ನೂರು ಜನರ ನಡುವೆ ಹಾರಿಸಿ ಬಿಡುವ ಮಾತಲ್ಲ. ಇದನ್ನು ಹೇಳುವಾಗ ತಾನು ಪೂರ್ತಿಯಾಗಿ ಇಲ್ಲಿರಬೇಕು, ಇವನೆದುರು, ಇನ್ನೆಲ್ಲೂ ಇಲ್ಲದೆ...

ಅವಳು ಮೇಜಿನ ಮೇಲೆ ಅಂಗೈ ಊರಿದಳು. ಅವನ ಮುಖ ನೋಡಿದಳು. ಒಂದು ಉಸಿರನ್ನು ಪೂರ್ತಿ ಒಳಗೆಳೆದುಕೊಂಡಳು.

ಅವನ ಮುಖದ ಬಣ್ಣ ಹೋಯಿತು.

"ಬೇಡ," ಎಂದ. "ಹೇಳಬೇಡಿ. ಗೊತ್ತಾಯ್ತು."

"ಏನು ಗೊತ್ತಾಯ್ತು? ನಾನಿನ್ನೂ..."

"ಇದನ್ನ ಈ ಹಿಂದೆ ಎರಡು ಸಲ ನೋಡಿದೀನಿ ಡಾಕ್ಟ್ರೇ. ಮೂರನೇ ಸಲ ತಡ್ಕೊಳ್ಳೋ ಶಕ್ತಿ ಇಲ್ಲ. ಕ್ಷಮಿಸಿ."

ಬಾಗಿಲು ತೆರೆಯಿತು, ಮುಚ್ಚಿತು.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದವರು ಯಾರನ್ನೂ ಮದುವೆಗೆ ಕೇಳಿದವರಿರಲಿಕ್ಕಿಲ್ಲ.

ಅವಳು ಎದ್ದಳು. ಎರಡು ಹೆಜ್ಜೆ ಓಡಿದಳು. ಅಷ್ಟರಲ್ಲಿ ಬಾಗಿಲು ಮತ್ತೆ ತೆರೆಯಿತು. ಬೆನ್ನುನೋವಿನ ತಾತ ಸೊಂಟ ಹಿಡಿದುಕೊಂಡು ನಿಂತಿದ್ದರು.

"ಇವತ್ತು ಬಲಗಡೆ ಬಂದಿದೆ ಡಾಕ್ಟ್ರೇ..."

ಅವಳು ಅವರನ್ನು ನೋಡಿದಳು. ಅವರ ಹಿಂದಿನ ತುಂಬಿದ ಬೆಂಚನ್ನು ನೋಡಿದಳು. ಮುಂದಿರುವವರು ಮುಖ್ಯ ಎಂದಲ್ಲವೇ ಕಲಿತದ್ದು? 'ಸಂಜೆ ಹೋಗಿ ಹೇಳ್ತೀನಿ... ಎದುರುಗಡೇನೇ ಅಲ್ವಾ...' ಎಂದುಕೊಂಡಳು. ಕುರ್ಚಿಗೆ ಮರಳಿದಳು. ಉಸಿರೆಳೆದಳು, ಬಿಟ್ಟಳು. "ಹೇಳಿ ತಾತ," ಎಂದಳು.

ಸಂಜೆ ಹೋದಾಗ ಅಂಗಡಿಯ ಬಾಗಿಲು ಎಳೆದಿತ್ತು. ದೂರದೂರಿನ ಅಕ್ಕನ ಮನೆಗೆ ಹೋದರು ಎಂದರು ಪಕ್ಕದವರು. ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಆಮೇಲೆ ಅವಳಿಗೂ ಸಿಟ್ಟು ಬಂತು.

'ಒಂದು ಉತ್ತರ ಕೇಳುವಷ್ಟು ತಾಳ್ಮೆ ಇಲ್ಲದವನು ಮದುವೆ ಯಾಕೆ ಕೇಳಬೇಕಿತ್ತು?'

ಸಿಟ್ಟು ಕೆಲವು ದಿನ ಚೆನ್ನಾಗಿ ಕೆಲಸ ಮಾಡಿತು. ನೋವಿನ ಮಾತ್ರೆಯ ಹಾಗೆ. ಅದರ ಪ್ರಭಾವ ಇಳಿದ ಮೇಲೆ...

ಆಮೇಲೆ ಉಸಿರೇ ಕೈಕೊಟ್ಟಿತು. ಕಣ್ಣು ಮುಚ್ಚಿದರೆ ದಾರ ಸುತ್ತಿದ ಉಂಗುರ. ಕಣ್ಣು ಮುಚ್ಚಿದರೆ ಗೋಡೆಗೆ ಒರಗಿ ಜಾರಿ ಕೂತ ಮನುಷ್ಯ. ಒಬ್ಬ ರೋಗಿಯನ್ನು ಇಳಿಸಲು ಹೋದರೆ, ಇಷ್ಟು ದಿನ ಇಳಿಸಿದವರೆಲ್ಲ ಒಟ್ಟಿಗೆ ಎದ್ದು ಬರುತ್ತಿದ್ದರು. ಒಳಗೆ ಹೋದ ಉಸಿರು ಹೊರಗೆ ಬಾರದೆ ಗಂಟಲಲ್ಲೇ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ, ಇಬ್ಬರು ರೋಗಿಗಳ ನಡುವೆ, ಚೀಟಿ ಅಕ್ಕ ಒಳಗೆ ಬಂದು ಬಾಗಿಲು ಮುಚ್ಚಿದಳು. ಸೊಂಟದ ಮೇಲೆ ಕೈಯಿಟ್ಟಳು.

"ಡಾಕ್ಟರಮ್ಮ, ಆ ಕನ್ನಡಕದವರಿಗೆ ಅವತ್ತು ನೀವು ಏನಂದ್ರಿ?"

"ಏನೂ ಅನ್ಲಿಲ್ಲ ಅಕ್ಕ."

"ಅದೇ ಮತ್ತೆ! ಮನುಷ್ಯ ಇಲ್ಲಿಂದ ಹೋಗುವಾಗ ಹೆಣದ ಥರ ಇದ್ರು. ಅವರು ಕೇಳಿದ್ದೇನು?"

ಅವಳು ಹೇಳಿದಳು. ಉಸಿರು ತೆಗೆದುಕೊಂಡದ್ದನ್ನೂ ಹೇಳಿದಳು. ಚೀಟಿ ಅಕ್ಕ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ತಾಯೀ! ಮದುವೆ ಆಗ್ತೀಯಾ ಅಂತ ಕೇಳಿದವರ ಮುಂದೆ ಕೂತು ತೂಕಡಿಸಿದ್ರಾ?"

"ತೂಕಡಿಕೆ ಅಲ್ಲ ಅಕ್ಕ..."

"ಅವರಿಗೆ ಅದೆಲ್ಲಿ ಗೊತ್ತು? ಆ ಮುಖ ಮಾಡಿಕೊಂಡೇ ತಾನೇ ನೀವು ಅವರ ತಾಯಿ ವಿಷಯ ಹೇಳಿದ್ದು? ಇಲ್ಲಿ ಬೆಂಚಿನ ಮೇಲೆ ಕೂರೋರಿಗೆಲ್ಲ ಗೊತ್ತು ಅದು. ಡಾಕ್ಟ್ರು ಬಾಯಿ ತೆರೆಯೋ ಮುಂಚೆ ಉಸಿರು ಎಳೆದ್ರೆ ಮನೆಯವರನ್ನ ಕರ್ಕೊಂಡು ಬನ್ನಿ ಅಂತಾರೆ ಒಬ್ಬರಿಗೊಬ್ಬರು!"

ಡಾಕ್ಟರು ಕಲ್ಲಾಗಿ ಕೂತಳು.

ಅವಳಿಗೆ ಅದು ಗೊತ್ತೇ ಇರಲಿಲ್ಲ. ಅವಳಿಗೆ ಆ ಉಸಿರು ಗೌರವ. ಎದುರಿಗಿರುವವರಿಗೆ ತನ್ನನ್ನು ಪೂರ್ತಿ ಕೊಡುವುದು. ಎದುರಿಗಿರುವವರಿಗೆ ಮಾತ್ರ ಅದು ಬೀಳಲಿರುವ ಏಟು.

"ಅವರು ವಾಪಸ್ ಬಂದಿದಾರೆ," ಎಂದಳು ಚೀಟಿ ಅಕ್ಕ, ದನಿ ಮೆತ್ತಗಾಗಿಸಿ. "ಸಾಮಾನು ಕಟ್ತಿದಾರೆ. ಅಕ್ಕನ ಊರಲ್ಲೇ ಅಂಗಡಿ ಹಾಕ್ತಾರಂತೆ. ಇವತ್ತು ಲಾರಿ ಬರುತ್ತೆ."

"ಇವತ್ತಾ?"

"ಮತ್ತೆ ನಾನು ಬಾಗಿಲು ಹಾಕ್ಕೊಂಡು ಇಷ್ಟೊತ್ತು ಏನು ಒದರ್ತಿದೀನಿ?"

ಅವಳು ಹೊರಗೆ ಬಂದಳು. ಬೆಂಚು ತುಂಬಿತ್ತು, ಗೋಡೆಗೊರಗಿ ನಿಂತವರೂ ಇದ್ದರು. ಎಲ್ಲರೂ ತಲೆಯೆತ್ತಿದರು. ಅಷ್ಟು ಮುಖಗಳ ಮುಂದೆ ಅವಳ ಕಾಲು ತಡೆಯಿತು. ಇವರನ್ನು ಬಿಟ್ಟು ಹೋಗುವುದೇ?

"ನಾನು... ಸ್ವಲ್ಪ ಹೊರಗೆ ಹೋಗಬೇಕು. ತುರ್ತು ಇರೋರು ಯಾರಾದ್ರೂ..."

ಮೊದಲು ಬಾಯಿ ಬಿಟ್ಟವರು ಬೆನ್ನುನೋವಿನ ತಾತ. "ಹೋಗಿ ಬಾ ತಾಯಿ. ನನ್ನ ಬೆನ್ನುನೋವು ಎಲ್ಲಿಗೂ ಓಡಿ ಹೋಗಲ್ಲ. ಮನುಷ್ಯರು ಹೋಗಿಬಿಡ್ತಾರೆ."

ಗೋಡೆಗೆ ಕಿವಿಯಿದ್ದರೆ ಬೆಂಚಿಗೆ ಇರಬಾರದೇ? ಎಲ್ಲರಿಗೂ ಎಲ್ಲವೂ ಗೊತ್ತಿತ್ತು!

ಅವಳು ರಸ್ತೆ ದಾಟಿದಳು. ಅಂಗಡಿಯ ಗಾಜಿನ ಕಪಾಟುಗಳು ಬರಿದಾಗಿದ್ದವು. ಫ್ರೇಮುಗಳೆಲ್ಲ ಪೆಟ್ಟಿಗೆ ಸೇರಿದ್ದವು. ಮೇಲಿನಿಂದ ಮರ ಉಜ್ಜುವ ಸದ್ದು, ಏದುಸಿರು, ಮತ್ತೆ ಮರ ಉಜ್ಜುವ ಸದ್ದು.

ಮೆಟ್ಟಿಲು ಹತ್ತಿದಳು. ಮೇಲಿನ ಬಾಗಿಲಿಗೆ ಅಡ್ಡವಾಗಿ ಟೆಲಿಫೋನ್ ಅಮ್ಮನ ಮಂಚ ಸಿಕ್ಕಿಹಾಕಿಕೊಂಡಿತ್ತು. ಅರ್ಧ ಒಳಗೆ, ಅರ್ಧ ಹೊರಗೆ. ಒಳಗಡೆ ಅವನು, ಬೆವರಿಳಿಸಿಕೊಂಡು, ಅದನ್ನು ಒಬ್ಬನೇ ತಳ್ಳುತ್ತಿದ್ದ. ಅದನ್ನು ಕೂಲಿಯವರ ಕೈಗೆ ಕೊಡಲು ಮನಸ್ಸು ಬಂದಿರಲಿಲ್ಲ.

ಅವಳನ್ನು ಕಂಡು ಕೈ ಬಿಟ್ಟ.

"ಮೇಲೆ ಬರಬೇಡಿ. ಜಾಗ ಇಲ್ಲ."

"ಬಂದಾಯ್ತು."

"ಕ್ಲಿನಿಕ್ಕು?"

"ಬಿಟ್ಟು ಬಂದೆ."

ಅವನು ಗಾಬರಿಯಾದ. ಇಷ್ಟು ಹೊತ್ತಿನಲ್ಲಿ ಅವಳು ಕ್ಲಿನಿಕ್ ಬಿಟ್ಟು ಬರುವುದೆಂದರೆ... "ಯಾರಿಗೆ ಏನಾಯ್ತು?"

"ನನಗೆ."

ಮಂಚದ ಆ ಕಡೆ ಅವನು. ಈ ಕಡೆ ಮೆಟ್ಟಿಲ ಮೇಲೆ ಅವಳು. ದಾಟಿ ಬರಲು ಇಬ್ಬರಿಗೂ ದಾರಿಯಿರಲಿಲ್ಲ.

"ಹೂಂ ಅನ್ನೋಕೆ ಉಸಿರು ತಗೊಂಡೆ ನಾನು," ಎಂದಳು. ಮಾತು ತಡವರಿಸಿತು, ಒಂದರ ಮೇಲೊಂದು ಬಿತ್ತು. "ನೀವು ಕೇಳಿದಾಗ. ಹೂಂ ಅಂತ ಹೇಳೋಕೆ. ಉಸಿರು ಬಿಡೋಷ್ಟರಲ್ಲಿ ನೀವು ಹೋಗಿಬಿಟ್ರಿ!"

ಅವನು ಮಂಚದ ಅಂಚನ್ನು ಹಿಡಿದುಕೊಂಡ.

"ಆದ್ರೆ... ಅಮ್ಮನ ರಿಪೋರ್ಟ್ ಬಂದಾಗ... ಅಮ್ಮ ಹೋದಾಗ..." ಅವನ ದನಿ ಒಡೆಯಿತು. "ಒಳ್ಳೆ ಸುದ್ದಿಗೆ ಯಾರೂ ಉಸಿರು ಎಳ್ಕೊಳ್ಳಲ್ಲ ಅಂತ ಅಮ್ಮ..."

"ಅಮ್ಮನಿಗೆ ಎಲ್ಲ ಗೊತ್ತಿತ್ತು. ಇದೊಂದು ಗೊತ್ತಿರ್ಲಿಲ್ಲ. ನನಗೆ ಕೆಟ್ಟದ್ದು ಒಳ್ಳೇದು ಅಂತ ಇಲ್ಲ. ಕಳ್ಕೊಳ್ಳಬಾರದ ಮಾತು ಅಂದ್ರೆ ಉಸಿರು ಹಾಗೆ ಬರುತ್ತೆ. ಅವತ್ತಿನಷ್ಟು ದೊಡ್ಡ ಉಸಿರು ನಾನು ಯಾವತ್ತೂ ತಗೊಂಡಿರ್ಲಿಲ್ಲ."

ಅವನು ಮಂಚದ ಚೌಕಟ್ಟಿನ ಮೇಲೆ ತಲೆಯೂರಿದ.

"ನಿಮ್ಮ ಹಿಂದೆ ಓಡಿ ಬರಬೇಕಿತ್ತು," ಎಂದಳು ಅವಳು. "ಬಾಗಿಲ ತನಕ ಬಂದೆ. ಬೆಂಚು ತುಂಬಿತ್ತು, ವಾಪಸ್ ಹೋಗಿ ಕೂತೆ. ನನಗೆ ಒಬ್ಬರನ್ನ ಬಿಟ್ಟು ಇನ್ನೊಬ್ಬರ ಹತ್ರ ಹೋಗೋದು ಚೆನ್ನಾಗಿ ಬರುತ್ತೆ. ಯಾರ ಹತ್ರ ವಾಪಸ್ ಬರಬೇಕು ಅನ್ನೋದು... ಅದನ್ನ ಆ ಶಿಬಿರದಲ್ಲಿ ಹೇಳಿಕೊಡಲಿಲ್ಲ. ಅಮ್ಮ ಹೋದ ದಿನ ನಾನು ನಕ್ಕಿದ್ದು ನಿಜ. ಅವರನ್ನ ಇಳಿಸಿ ಬಂದೆ ಅಂದ್ಕೊಂಡಿದ್ದೆ..."

ಅವಳ ಕೈ ಮಂಚದ ಹಲಗೆಯ ಮೇಲಿತ್ತು. ಮುದುಕಿ ಎದ್ದು ಕೂರುವಾಗ ಹಿಡಿಯುತ್ತಿದ್ದ ಜಾಗ ಅದು. ಉಂಗುರ ತಾಗಿ ತಾಗಿ ಅಲ್ಲಿ ಮರ ಸವೆದಿತ್ತು.

ಅವಳು ಅತ್ತಳು. ಸದ್ದು ಮಾಡಿ, ಮೂಗು ಸುರಿಸಿಕೊಂಡು, ಮೆಟ್ಟಿಲ ಮೇಲೆ ಕುಸಿದು ಕೂತು. ಇಷ್ಟು ದಿನದ್ದೆಲ್ಲ ಬಂತು. ಕೆಳಗೆ ರಸ್ತೆಯಲ್ಲಿ ಯಾರೋ ನಿಂತು ಮೇಲೆ ನೋಡಿದರು. ನೋಡಲಿ!

ಅವನು ಮಂಚದ ಕೆಳಗಿನಿಂದ ಕೈ ಚಾಚಿದ. ಬೆರಳುಗಳು ಅವಳ ಮಣಿಕಟ್ಟನ್ನು ಮುಟ್ಟುವಷ್ಟು ಮಾತ್ರ ಜಾಗವಿತ್ತು. ಇಬ್ಬರೂ ಹಾಗೇ ಕೂತರು, ಅಳುತ್ತಾ. ಹೋದವರು ಹೋಗಿದ್ದರು. ಅದಕ್ಕೆ ಮದ್ದಿರಲಿಲ್ಲ. ಆದರೆ ಒಂದೇ ಸಾವಿಗೆ ಇಬ್ಬರು ಬೇರೆ ಬೇರೆ ಅಳುವ ಕಷ್ಟ ಅವತ್ತಿಗೆ ಮುಗಿಯಿತು.

ಬಹಳ ಹೊತ್ತಾದ ಮೇಲೆ ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಲಾರಿ ಬರುತ್ತೆ ಈಗ."

"ಬರಲಿ. ವಾಪಸ್ ಕಳಿಸಿ."

"ಡಾಕ್ಟ್ರು ಹೇಳಿದ ಮೇಲೆ ಆಯ್ತು." ಒದ್ದೆ ದನಿಯಲ್ಲೂ ಒಂದು ನಗೆ ಇಣುಕಿತು. "ಆದ್ರೆ ಈ ಮಂಚ... ಹೊರಗೆ ಎಳೆಯೋದಾ, ಒಳಗೆ ತಳ್ಳೋದಾ?"

"ಒಳಗೆ. ಕಿಟಕಿ ಹತ್ರ."

"ಅಮ್ಮ ಇಲ್ದೆ ಅದನ್ನ ನೋಡ್ತಾ ಇರೋಕಾಗಲ್ಲ ಅಂತಾನೇ ತೆಗೀತಿದ್ದೆ..."

"ನಾವಿಬ್ರೂ ನೋಡ್ತಾ ಇರೋಣ."

ಅವನು ಮಂಚದ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದ, ತುಂಬ ಮೆಲ್ಲಗೆ.

"ಇದು ನನ್ನೊಬ್ಬನ ಕೈಲಿ ಎತ್ತೋಕಾಗ್ತಿಲ್ಲ ಕಣೇ."

"ಗೊತ್ತು," ಎಂದಳು ಅವಳು. ಕಣ್ಣೊರೆಸಿಕೊಂಡು ಎದ್ದು, ತನ್ನ ಕಡೆಯ ಎರಡು ಕಾಲುಗಳನ್ನು ಹಿಡಿದಳು. "ನೀನು ಆ ಕಡೆ ಎತ್ತು."